ಪರದೆಯ ಹಿಂದಿನ ಅಕ್ಷರ

ಸಿಂದಗಿ
ತಾ. ೧೪-೨-೧೯೬೮

ಪ್ರೀತಿಯ ತಮ್ಮ ಜೈನುದ್ದೀನ,

ಸಲಾಮು. ನಾನು ಆರಾಮ ಇದ್ದೇನೆ. ನಿನ್ನ ಕೆಮ್ಮು ಹೇಗಿದೆ? ಸೊಲ್ಲಾಪುರದ ಮಿಲ್ಲಿನ ಧೂಳು ಇನ್ನೂ ಎದೆಯಲ್ಲೇ ಕೂತಿದೆಯೇ? ರಾಜಬಿಗೆ ಹೇಳಿ ರಾತ್ರಿ ಅರಿಶಿಣ ಹಾಕಿದ ಬಿಸಿ ಹಾಲು ಮಾಡಿಸಿಕೊಂಡು ಕುಡಿ. ನಿನ್ನ ಕಾಗದ ಮುಟ್ಟಿತು. 'ಅಬ್ಬಾ ಕಟ್ಟಿಸಿದ ಮಹತಾಬ ಟಾಕೀಜನ್ನು ನೆನೆದು ಅಳುತ್ತ ಬರೆದಿದ್ದೇನೆ, ಕಾಗದದ ಮೇಲಿನ ಕಲೆ ನನ್ನ ಕಣ್ಣೀರು' ಎಂದಿದ್ದೀ. ಮೂಸಿ ನೋಡಿದೆ. ಚಹಾ.

ಏನು ಬರೆದಿದ್ದೀಯಪ್ಪಾ! 'ಅದು ಬರೇ ತಗಡಿನ ಶೆಡ್ಡಲ್ಲ ಅಕ್ಕಾ, ನಮ್ಮೂರಿನ ಜೀವ.' ನಾಚಿಕೆ ಬರಲಿಲ್ಲವೇ? ದೀಪಾವಳಿಗೆ ಮೊದಲು ಬಂದು, ಮುಂದೆ ನಿಂತು ತಗಡು ಬಿಚ್ಚಿಸಿ ಶೇಂಗಾ ವ್ಯಾಪಾರಿ ಬಾಬುಲಾಲನ ಚಕ್ಕಡಿಗೆ ಹೇರಿಸಿದವನು ಯಾರು? ಆಟ ನೋಡಲೆಂದು ಯಂಕಂಚಿಯಿಂದ ಬಂದ ಯಲ್ಲವ್ವ ಬರೀ ಬಯಲು ಕಂಡು 'ಟಾಕೀಜ ಎಲ್ಲಿ ಹೋತಬೇ?' ಎಂದು ನನ್ನನ್ನೇ ಕೇಳಿದಳು. 'ನಮ್ಮ ತಮ್ಮನ ಹೊಟ್ಟ್ಯಾಗ ಹೋತವಾ' ಎಂದೆ. ಇನ್ನೇನು ಹೇಳಲಿ?

'ಎಲ್ಲರೂ ಕೂಡಿ ನೋಡುತ್ತಿದ್ದೆವು' ಅಂತ ಬೇರೆ. ಎಲ್ಲಿ ಕೂಡಿ? ನೀನು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದೆ. ನಾವು ಹೆಂಗಸರು ಸಿನೆಮಾ ಬೀಳುವ ಪರದೆಯ ಹಿಂದೆ, ಗೋಣಿತಟ್ಟಿನ ಮೇಲೆ. ಹದಿನೈದು ವರ್ಷ ಸಿನೆಮಾ ಎಡ-ಬಲ ಉಲ್ಟಾ ನೋಡಿದೆವು. ಹೀರೋ ಎಡಗೈಲೇ ಉಣ್ಣುತ್ತಿದ್ದ, ಅಮ್ಮ 'ಥೂ, ಎಡಗೈಲೆ ಉಣತಾನ, ಇಂವನ ಅವ್ವ ಏನೂ ಕಲಿಸಿಲ್ಲೇನ?' ಎಂದು ಮುಖ ತಿರುವುತ್ತಿದ್ದಳು. ಎಲ್ಲ ಹೀರೋಗಳೂ ಎಡಚರೆಂದೇ ನಂಬಿಕೊಂಡು ಸತ್ತಳು ಆಕೆ. ನೀನು ಒಂದು ಸಲವಾದರೂ ಹಿಂದೆ ಬಂದು ಇಣುಕಿದೆಯಾ?

ಆಟಕ್ಕೆ ಮೊದಲು ಸ್ಲೈಡು ಹಾಕುತ್ತಿದ್ದರಲ್ಲ, 'ಬೀಡಿ ಸೇದಬೇಡಿರಿ', 'ಗದ್ದಲ ಮಾಡಬೇಡಿರಿ' ಅಂತ. ನೀವು ಗಂಡಸರು ಬೀಡಿ ಸೇದುತ್ತಲೇ ಅದನ್ನು ಒಟ್ಟಾಗಿ ಕೂಗಿ ಓದಿ ನಗುತ್ತಿದ್ದಿರಿ. ನನ್ನನ್ನು ಯಾರೂ ಸಾಲಿಗೆ ಕಳಿಸಿರಲಿಲ್ಲ. ನಿಮ್ಮ ಆ ಕೂಗಿಗೇ ಒಂದೊಂದು ಅಕ್ಷರ ಹೊಂದಿಸಿ ಕಲಿತೆ. ಒಲೆಯ ಬೂದಿಯಲ್ಲಿ ಬರೆದದ್ದನ್ನು ಕಂಡು ಪಕ್ಕದ ಮನೆಯ ಗುಂಡವ್ವ ಬಿದ್ದು ಬಿದ್ದು ನಕ್ಕಳು. 'ಎಲ್ಲಾ ಉಲ್ಟಾ ಬರದಿಯಲ್ಲ ಹಜರಾ! ತಡಿ, ಕನ್ನಡಿ ತರ್ತೇನಿ' ಎಂದವಳೂ ಅವಳೇ. ಕನ್ನಡಿ ಹಿಡಿದು ಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿಕೊಂಡೆ. ನಿನಗೆ ಹೇಳಲಿಲ್ಲ, ನೀನು ಕೇಳಲೂ ಇಲ್ಲ. ಇದು ಇಷ್ಟು ದಿನ ನನ್ನ ಕಾಗದ ಬರೆದುಕೊಡುತ್ತಿದ್ದ ಶಂಕ್ರೆಪ್ಪ ಮಾಸ್ತರರ ಕೈಬರಹವಲ್ಲಪ್ಪಾ, ನನ್ನದು. 'ಸ' ಮಾತ್ರ ಈಗಲೂ ಒಮ್ಮೊಮ್ಮೆ ತಿರುಗಿ ಬೀಳುತ್ತದೆ, ಹೊಂದಿಸಿಕೊಂಡು ಓದು.

ರಾಜಬಿಗೂ ಮಕ್ಕಳಿಗೂ ನನ್ನ ದುವಾ. ಅಲ್ಲಾ ನಿನಗೆ ಆಯುಷ್ಯ ಕೊಡಲಿ, ಜೊತೆಗೆ ಒಂದಿಷ್ಟು ಮರ್ಯಾದೆಯನ್ನೂ ಕೊಡಲಿ.

ನಿನ್ನ ಅಕ್ಕ
ಹಜರಾಬಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ಕಾಗದದ ಜೊತೆ ಸ್ಟಾಂಪಿನ ಪೇಪರು ಇಟ್ಟಿದ್ದೀ. 'ಅಬ್ಬಾನ ನೆನಪಿಗೆ ಅಲ್ಲೊಂದು ಕಲ್ಲು ನಿಲ್ಲಿಸೋಣ, ಹೆಬ್ಬೆಟ್ಟು ಒತ್ತಿ ಕಳಿಸು ಸಾಕು' ಎಂದಿದ್ದೀ. ಓದಿದೆ. ಕಲ್ಲಿನ ಮಾತೇ ಇಲ್ಲ ಅದರಲ್ಲಿ. ಟಾಕೀಜಿನ ನನ್ನ ಪಾಲಿನ ಜಾಗವನ್ನೂ ಬಾಬುಲಾಲನ ಶೇಂಗಾ ಗೋದಾಮಿಗೆ ಖುಷಿಯಿಂದ ಬಿಟ್ಟುಕೊಟ್ಟಿದ್ದೇನಂತೆ. ಹೆಬ್ಬೆಟ್ಟು ಒತ್ತಿಲ್ಲ, ಪೇಪರು ವಾಪಸು ಕಳಿಸುವುದೂ ಇಲ್ಲ. ಬೇಕಿದ್ದರೆ ನೀನೇ ಬಾ. ಬಂದು ಗಟ್ಟಿಯಾಗಿ ಓದು, ಬೀಡಿ ಸ್ಲೈಡು ಓದುತ್ತಿದ್ದೆಯಲ್ಲ, ಹಾಗೆ. ಈ ಸಲ ನಾನು ಎದುರಿಗೇ ಕೂತಿರುತ್ತೇನೆ.