ಎಡಕ್ಕೋ ಬಲಕ್ಕೋ

ಮಾರ್ಚ್ ೯, ಮಂಗಳವಾರ.

ಕೋವಿಡ್ ವಾಸಿಯಾಗಿ ತಿಂಗಳುಗಳೇ ಕಳೆದವು, ತಲೆಯ ಮಂಕು ಮಾತ್ರ ಇನ್ನೂ ಹೋಗಿಲ್ಲ. ನಾನು ದಿನಾ ಬಸ್ಸು ಓಡಿಸುವ ದಾರಿಯೇ ಅದು. ಇವತ್ತು ವೃತ್ತಕ್ಕೆ ಬಂದರೆ ಎಡಕ್ಕೋ ಬಲಕ್ಕೋ ಹೊಳೆಯಲೇ ಇಲ್ಲ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್.

ಕಂಡಕ್ಟರ್ ಬಂದು, "ಏನಣ್ಣ, ನಿದ್ದೆ ಬಂತಾ?" ಅಂದ.

"ದಾರಿ ಮರೆತುಹೋಯ್ತಪ್ಪ."

ನಕ್ಕವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಎಡಕ್ಕಣ್ಣ" ಅಂದ, ಮೆಲ್ಲಗೆ.

ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಕೀ ಅವನ ಕೈಗಿಟ್ಟೆ. ಜನ ಬೈದುಕೊಂಡೇ ಇಳಿದರು. ಮುಂದಿನ ಸೀಟಿನಲ್ಲಿ ಒಬ್ಬಳ ಮಡಿಲಲ್ಲಿ ಮಗು ಮಲಗಿತ್ತು. ಅದರ ಮುಖ ಕಣ್ಣಿಂದ ಹೋಗುತ್ತಿಲ್ಲ.

"ಡಿಪೋದಲ್ಲಿ ಸುಸ್ತು ಅಂದುಬಿಡಿ, ಇಲ್ಲದಿದ್ದರೆ ಕೆಲಸ ಹೋಗುತ್ತೆ" ಅಂದಳು ಹೆಂಡತಿ, ರಾತ್ರಿ ಮನೆಯಲ್ಲಿ. ಅವಳ ಹೆದರಿಕೆಯೂ ಸುಳ್ಳಲ್ಲ. ಆದರೂ ನಾಳೆ ಡಿಪೋದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವವನೇ. ಇವಳಿಗೆ ಇದನ್ನು ಈಗಲೇ ಹೇಳಲೋ, ಬೇಡವೋ...

ಮಗ್ಗುಲು ಬದಲಿಸಿದಳು. ಅವಳಿಗೂ ನಿದ್ದೆಯಿಲ್ಲ.