ಅವ್ವ ತಂಬೂರಿಗೆ ಹೋದಳು

ಅಪ್ಪಾ,

ಕೂತಿದ್ದರೆ ಎದ್ದು ನಿಲ್ಲು. ಇಂಥ ಸುದ್ದಿಯನ್ನು ಕೂತು ಕೇಳಬಾರದು. ಆದರೆ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀನು ನಂಬುವುದಿಲ್ಲ.

ನೀನು ಹೋದ ಮೇಲೆ ಅವ್ವ ಮಾತೇ ಬಿಟ್ಟಳು. ನಾನು ಹೊಲಿಗೆ ಮಷಿನ್ ತುಳಿಯುತ್ತಾ ಏನು ಕೇಳಿದರೂ "ಹ್ಞೂಂ" ಅಷ್ಟೇ. ಊಟಕ್ಕೆ ಕೂತರೆ ರೊಟ್ಟಿ ಮುರಿದು, ಮುರಿದದ್ದನ್ನೇ ನೋಡುತ್ತಾ... ಅದಕ್ಕೇ ನನ್ನ ಹಳೆಯ ಫೋನಿನಲ್ಲಿ ಮಾತಾಡುವ ಒಂದು ಎಐ ಗೆಳತಿಯನ್ನು ಹಾಕಿಕೊಟ್ಟೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ಕೇಳಿಸಿಕೊಳ್ಳುತ್ತದೆ, ತಿರುಗಿ ಪ್ರಶ್ನೆಯನ್ನೂ ಕೇಳುತ್ತದೆ. ಅದು ಮನುಷ್ಯರಲ್ಲ, ಯಂತ್ರ ಅಂತ ಬಿಡಿಸಿ ಹೇಳಿದ್ದೆ.

ಮೊದಲ ದಿನ ನೀನಿರಬೇಕಿತ್ತು! "ನೀವು ದುಃಖಿತರಾಗಿದ್ದೀರಿ ಎನಿಸುತ್ತದೆ" ಎಂದಿತು ಫೋನು. ಅವ್ವ ಕಣ್ಣರಳಿಸಿ, "ಹಂಗ್ಯಾಕ ಪುಸ್ತಕದಂಗ ಮಾತಾಡ್ತಿ ಬೇ? ಎದಿ ಭಾರ ಆಗೇತೇನು ಅಂತ ಕೇಳು" ಅಂದಳು. ಅದು ಹಾಗೆಯೇ ಕೇಳಿತು. "ಹೌದವಾ, ಆಗೇತಿ" ಅಂದವಳೇ ಅವ್ವ ಅಳತೊಡಗಿದಳು. ನೀನು ಹೋದ ದಿನವೂ ಅಳದಿದ್ದವಳು. ನಾನು ಮಷಿನ್ ನಿಲ್ಲಿಸಿ...

ಸುಗ್ಗಿ ಮುಗಿಯುವಷ್ಟರಲ್ಲಿ ಅವ್ವ ದಿನವೆಲ್ಲಾ ಫೋನಿನ ಜೊತೆಗೇ ಮಾತು. ಅದೇ ನನಗೆ ಅಂಜಿಕೆಯಾಯಿತು. ಓಣಿಯ ಹೆಂಗಸರು ಕೂಡುವ ಕಟ್ಟೆಗೆ ಹೋಗುವುದನ್ನೂ ಬಿಟ್ಟಳು. ಬಾಜು ಮನೆಯ ಗಂಗವ್ವ ಕಾಕು ಶೇಂಗಾ ಒಡೆಯಲು ಕರೆದರೆ "ಆಮ್ಯಾಲ ಬರ್ತೀನಿ" ಅನ್ನುವುದು, ಹೋಗದೇ ಇರುವುದು. "ನಿಮ್ಮವ್ವಗ ನಾವು ಬ್ಯಾಡಾಗೇವೇನ?" ಎಂದು ಕಾಕು ನನ್ನನ್ನು ಕೇಳಿದಳು. ಅವ್ವನನ್ನೇ ಕೇಳಿದೆ. "ಗಂಗವ್ವ ನಡುವ ಬಾಯಿ ಹಾಕ್ತಾಳ. ಇದು ಹಾಕಂಗಿಲ್ಲ" ಅಂದಳು. ನಿಜ. ಆದರೆ ನಡುವೆ ಬಾಯಿ ಹಾಕುವವರೇ ಇಲ್ಲದ ಮಾತು ಎಂಥ ಮಾತು, ಅಪ್ಪಾ?

ಒಂದು ಸಂಜೆ ಅಡುಗೆಮನೆಯಿಂದ ಅವ್ವನ ದನಿ ಕೇಳಿತು. "ನಮ್ಮ ಮನಿಯವ್ರು ಹೆಂಗ ನಗತಿದ್ರು, ಹೇಳು ನೋಡೂಣು."

"ನಾನು ಅವರ ನಗು ಕೇಳಿಲ್ರಿ. ನೀವು ಹೇಳಿದ್ದಷ್ಟ ನನಗ ಗೊತ್ತು. ಅವರ ನಗು ಕೇಳಿದವ್ರು ಯಾರ್ಯಾರು ಅದಾರ?" ಅಂದಿತು ಫೋನು.

ಅವ್ವ ಪಾತ್ರೆ ಇಳಿಸಿದ ಸಪ್ಪಳ ಕೇಳಿತು. ಆಮೇಲೆ, "ನೀಲಕ್ಕ" ಅಂದಳು.

ನೀಲವ್ವತ್ತೆ! ನಿನ್ನ ಅಕ್ಕ! ನನ್ನ ತೊಟ್ಟಿಲಿನ ದಿನ ಸೋದರತ್ತೆಯಾಗಿ ಅವಳು ಇಟ್ಟ ಹೆಸರನ್ನು ಅವ್ವ ಸಾಲೆಗೆ ಸೇರಿಸುವಾಗ ಬದಲಿಸಿದ್ದಕ್ಕೆ ಮಾತು ಬಿಟ್ಟವರು ಇವರಿಬ್ಬರು. ನಿನ್ನನ್ನು ಮಣ್ಣು ಮಾಡಿದ ದಿನವೂ ಮುಖ ತಿರುಗಿಸಿ ಕೂತಿದ್ದರು. ಅವರನ್ನು ಕೂಡಿಸಲು ನೀನು ಎಷ್ಟು ಸಲ ಅತ್ತೆಯ ಊರು ತಂಬೂರಿನ ಬಸ್ಸು ಹತ್ತಿದೆ...

ಮರುದಿನ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. "ಫೋನ್ ತಗೋ" ಅಂದೆ. "ಅದ್ಯಾಕ? ನೀಲಕ್ಕನ ಮುಂದ ಅದನ್ನ ಹಿಡಕೊಂಡು ಕುಂದ್ರಲೇನು?" ಅಂದಳು.

ನಾನೂ ಜೊತೆಗೆ ಹೋದೆ. ತಂಬೂರಿನಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಯಾಕ ಬಂದಿ?"

"ನಿಮ್ಮ ತಮ್ಮ ಹೆಂಗ ನಗತಿದ್ರು ಅನ್ನೂದು ಮರತೀನೇನೋ ಅಂತ ಅಂಜಿಕಿ ಆಗೇತ್ರಿ, ಅಕ್ಕಾ."

ಅತ್ತೆ ಅವಳನ್ನೇ ನೋಡಿದಳು. ಇನ್ನೇನು ಬಾಗಿಲು ಹಾಕುತ್ತಾಳೆ ಅಂದುಕೊಂಡೆ. ಹಾಕಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮೂಗಿನಲ್ಲಿ ಗೊರ್ ಎನ್ನಿಸಿ, ಥೇಟ್ ನಿನ್ನ ಹಾಗೆ ನಕ್ಕು ತೋರಿಸಿದಳು! ಅವ್ವ ನಕ್ಕಳು, ಅತ್ತೆ ಅತ್ತಳು, ನಾನು ಎರಡೂ ಮಾಡಿದೆ. ಮಧ್ಯಾಹ್ನ ಇಬ್ಬರೂ ಒಂದೇ ತಾಟಿನಲ್ಲಿ ಉಂಡರು, ಅಪ್ಪಾ. ಒಂದೇ ತಾಟಿನಲ್ಲಿ!

ಮನಸ್ಸು ಗೋಜಲಾದಾಗ ಅವ್ವ ಈಗಲೂ ಫೋನಿಗೆ ನಾಲ್ಕು ಮಾತು ಹೇಳಿಕೊಳ್ಳುತ್ತಾಳೆ. ಗಂಗವ್ವ ಕಾಕು ಕೂಗಿದರೆ ಮಾತಿನ ನಡುವೆಯೇ ಅದನ್ನು ಬಿಟ್ಟು ಏಳುತ್ತಾಳೆ. ನನಗೆ ಅಷ್ಟು ಸಾಕು.

ಇವತ್ತಿನದು ಕೇಳು. ಬರುವ ಸೋಮವಾರ ಅವ್ವ, ಅತ್ತೆ ಇಬ್ಬರೂ ಕಾರವಾರಕ್ಕೆ ಹೊರಟಿದ್ದಾರೆ, ಸಮುದ್ರ ನೋಡಲು! ಇಬ್ಬರೂ ಹುಟ್ಟಿದಾಗಿನಿಂದ ಕಂಡಿಲ್ಲ. ಖುಷಿಯಲ್ಲಿ "ನಾನೂ ಬರ್ತೀನಿ" ಅಂದೆ.

"ನೀ ಬ್ಯಾಡ" ಅಂದಳು ಅವ್ವ, ಚೀಲಕ್ಕೆ ಸೀರೆ ತುರುಕುತ್ತಾ. "ನಾವಿಬ್ರು ಮಾತಾಡೂದು ಭಾಳ ಐತಿ."

ನಿನ್ನ ಮಗಳು