ಪೆಟ್ಟಿಗೆಯ ಉಸಿರು

೧೯೫೨ ಆಗಸ್ಟ್ ೯, ಬೆಳಿಗ್ಗೆ

ಬೆಲ್ಟ್ ಬಿಗಿ ಮಾಡಿದೆ. ಬೇರಿಂಗಿಗೆ ಗ್ರೀಸ್. ರಬ್ಬರಿನ ಕೊರಳಪಟ್ಟಿ ಸರಿಯಿದೆ. ಪೋಲಿಯೊ ವಾರ್ಡಿನ ಉಸಿರಾಟದ ಪೆಟ್ಟಿಗೆಗಳ ನಿರ್ವಹಣೆ ನನ್ನದು. ಕೊನೆಯದರಲ್ಲಿ ಮಲಗಿರುವವಳು ಅಕ್ಕನ ಮಗಳು. ಕೆಲಸಕ್ಕೆ ಅದರಿಂದ ವ್ಯತ್ಯಾಸವಾಗದು — ಹಾಗೆಂದು ಮೇಲಧಿಕಾರಿಗೆ ಹೇಳಿದ್ದೇನೆ.

ಹದಿನಾರು ವರ್ಷ. ತಲೆ ಮಾತ್ರ ಹೊರಗೆ. ಪಟಪಟ ಮಾತಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಈಗ ಯಂತ್ರ ಉಸಿರು ತುಂಬುವಾಗ ಸುಮ್ಮನಿರಲೇಬೇಕು; ಬಿಡಿಸುವಾಗ ಮಾತ್ರ ಮಾತು.

"ಮಾವ... ನಿಮ್ಮ ಮೀಸೆಗೂ... ಸ್ವಲ್ಪ ಗ್ರೀಸ್... ಹಚ್ಕೊಳ್ಳಿ."

ಅಗತ್ಯವಿಲ್ಲವೆಂದೆ.

ಆಗಸ್ಟ್ ೨೧

ಇವತ್ತೂ ಡಾಕ್ಟರ್ ಮೋಟಾರು ನಿಲ್ಲಿಸಿ ನೋಡಿದರು. ಪೆಟ್ಟಿಗೆಯ ಸದ್ದಡಗಿದೊಡನೆ ಅವಳ ಉಸಿರು ಕಟ್ಟಿತು, ತುಟಿ ಬಿಳಿಚಿತು. ಮತ್ತೆ ಚಾಲೂ ಮಾಡಿದೆ.

"ಎದೆ ಸ್ನಾಯು ಸುಧಾರಿಸಿರಬಹುದು ಅಂದ್ಕೊಂಡಿದ್ದೆ," ಎಂದರು ಹೊರಗೆ ಬಂದು. "ಹೀಗೇ ಆದ್ರೆ ಜೀವನಪೂರ್ತಿ ಇದರೊಳಗೇ."

ಅಕ್ಕ ಕಾರಿಡಾರಿನಲ್ಲಿ ನಿಂತಿದ್ದಳು. "ಊರಿನವರದ್ದೆಲ್ಲ ರಿಪೇರಿ ಮಾಡ್ತೀಯ. ಇದೊಂದು ಆಗಲ್ವೇನೋ?"

ಗ್ರೀಸ್ ಡಬ್ಬಿ ಎತ್ತಿಕೊಂಡು ವಾರ್ಡಿಗೆ ಹೋದೆ.

ಸೆಪ್ಟೆಂಬರ್ ೩

ಒಂದು ತಪ್ಪಾಯಿತು.

ಸಿಸ್ಟರ್ ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ ಕೈಹಾಕಿ ಅವಳ ಬೆನ್ನು ಒರೆಸಿ ಹೋದರು. ಮುಚ್ಚಳ ಬಿಗಿ, ತಿರುಗಿಸಿ ಮುಚ್ಚುವುದು ನನ್ನ ಪಾಲು. ಅಷ್ಟರಲ್ಲಿ ಬೆಲ್ಟ್ ಕಿರುಗುಟ್ಟಿತು. ಅದರ ಬೆನ್ನು ಹತ್ತಿದವನು ಮುಚ್ಚಳ ಮರೆತೆ.

"ಅಲ್ಲ ಮಾವ, ನಾನಿಲ್ಲಿ ಒದ್ದೆ ಬೆನ್ನಲ್ಲಿ ಬಿದ್ದಿದ್ದೀನಿ, ನೀವು ನೋಡಿದ್ರೆ ಆ ಬೆಲ್ಟಿಗೆ ಲಾಲಿ ಹಾಡೋ ಹಾಗೆ ಕೂತಿದ್ದೀರಲ್ಲ, ಅದೇನು ನಿಮ್ಮ ಮಗಳಾ?"

ಒಂದೇ ಓಟದ ಮಾತು. ನಡುವೆ ಎಲ್ಲಿಯೂ ಯಂತ್ರಕ್ಕಾಗಿ ಕಾದಿರಲಿಲ್ಲ.

ತಲೆಯೆತ್ತಿದೆ. ಒತ್ತಡದ ಮುಳ್ಳು ಸೊನ್ನೆಯಲ್ಲಿತ್ತು. ತೆರೆದ ಕಿಂಡಿಯಿಂದ ಗಾಳಿ ಸೋರುತ್ತಿತ್ತು. ಪೆಟ್ಟಿಗೆ ಬರಿದೇ ಸದ್ದು ಮಾಡುತ್ತಿತ್ತು, ಉಸಿರು ಅವಳದೇ.

ಮುಚ್ಚಿದೆ. ಡಾಕ್ಟರಿಗೆ ಮಾತ್ರ ತಿಳಿಸಿದೆ.

"ಹಾಗಾದ್ರೆ ಸ್ನಾಯು ಅಲ್ಲ, ಭಯ," ಎಂದರು. "ಸದ್ದು ಇರ್ಲಿ. ದಿನಾ ಸ್ವಲ್ಪ ಹೊತ್ತು ಕಿಂಡಿ ತೆಗೆದಿಡಿ. ಅವಳಿಗೆ ಹೇಳ್ಬೇಡಿ."

ಒಪ್ಪಿದೆ. ಮನಸ್ಸು ಪೂರ್ತಿ ಒಪ್ಪಲಿಲ್ಲ.

ಸೆಪ್ಟೆಂಬರ್ ೨೨

ಇಂದು ಪೆಟ್ಟಿಗೆಯನ್ನು ಉಳಿದ ಪೆಟ್ಟಿಗೆಗಳ ಸದ್ದು ಕೇಳದ ಕೋಣೆಗೆ ಸಾಗಿಸಿದೆವು. ಕಿಂಡಿ ತೆರೆದಿಟ್ಟರೂ ಈಗ ಗಂಟೆಗಟ್ಟಲೆ ಉಸಿರಾಡುತ್ತಾಳೆ; ಇನ್ನು ಸದ್ದೂ ನಿಲ್ಲಬೇಕು. ಹೇಳದೆ ನಿಲ್ಲಿಸುವುದು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹೇಳಿದೆ.

"ಸುಳ್ಳು."

"ನಾನ್ಯಾವತ್ತು ಸುಳ್ಳು ಹೇಳಿದ್ದೀನಿ?"

"ಇಷ್ಟು ದಿನ ಮಾಡಿದ್ದು ಮತ್ತೇನು?"

ನಿಜವೇ. ಅವಳು ಸ್ವಿಚ್ಚಿನತ್ತ ಕಣ್ಣು ಹೊರಳಿಸಿದಳು. "ಉಸಿರು ನಿಂತೇಹೋದ್ರೆ?"

"ಬೆರಳು ಸ್ವಿಚ್ಚಿನ ಮೇಲೇ ಇರುತ್ತೆ."

"ನೀವೇ ಆರಿಸಿ. ಡಾಕ್ಟರ್ ಬೇಡ."

ಆರಿಸಿದೆ. ಬೆಲ್ಟ್ ತೂಗಾಡಿ ನಿಂತಿತು. ಕಣ್ಣು ಬಿಗಿಯಾಗಿ ಮುಚ್ಚಿದಳು. ಬದಿಯ ಗಾಜಿನಲ್ಲಿ ನೋಡಿದೆ — ಎದೆ ಅಲುಗಲಿಲ್ಲ. ಆಮೇಲೆ ಏರಿತು. ಇಳಿಯಿತು. ಇನ್ನೊಂದು ಬರಬೇಕು. ಬರಲಿಲ್ಲ. ಬೆರಳು ಒತ್ತಲು ಹೊರಟಿತು. ಅವಳು ಕಣ್ಣು ತೆರೆದಳು.

"ಮುಟ್ಬೇಡಿ, ಮಾವ."

ಕೈ ತೆಗೆದೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಜಿನ ಮೇಲಿಟ್ಟೆ; ಒಳಗೆ ಎದೆ ಮತ್ತೆ ಏರಿತು.